ಬ್ಯಾಂಡ್ ನಿಂತರೂ ನಿಲ್ಲದ ಮಾತು

1971ರಲ್ಲಿ ಅಮೆರಿಕದ ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ಬ್ಯಾಂಡ್ ಒಂದು ಲೈವ್ ಆಲ್ಬಮ್ ಹೊರತಂದಿತು. ಅದರ ಒಳಗೆ ಅಭಿಮಾನಿಗಳಿಗೊಂದು ಪುಟ್ಟ ಸೂಚನೆ ಅಚ್ಚಾಗಿತ್ತು. ನೀವು ಯಾರು, ಎಲ್ಲಿದ್ದೀರಿ, ಹೇಗಿದ್ದೀರಿ? ಹೆಸರು, ವಿಳಾಸ ಬರೆದು ಕಳಿಸಿ, ಸುದ್ದಿ ತಿಳಿಸುತ್ತಿರುತ್ತೇವೆ ಎಂದು. ಸಾವಿರಾರು ಜನ ಬರೆದು ಕಳಿಸಿದರು. ಈ ಮೂರರಲ್ಲಿ ಕೊನೆಯ ಪ್ರಶ್ನೆ ನನಗೆ ತುಂಬಾ ಇಷ್ಟ. ರೆಕಾರ್ಡ್ ಮಾರುವವರಿಗೆ ಹೆಸರು, ವಿಳಾಸ ಸಿಕ್ಕರೆ ಸಾಕು. ಹೇಗಿದ್ದೀರಿ ಎಂದು ಕೇಳಲೇಬೇಕು ಅಂತೇನಿಲ್ಲ. ಇವರು ಕೇಳಿದರು. ಆಮೇಲಿನ ಐವತ್ತು ವರ್ಷ ಈ ಬ್ಯಾಂಡಿನ ಅಭಿಮಾನಿಗಳು ಅದೇ ಪ್ರಶ್ನೆಯನ್ನು ಒಬ್ಬರಿಗೊಬ್ಬರು ಕೇಳುತ್ತಾ ಬಂದಿದ್ದಾರೆ.

ಇವರನ್ನು ಡೆಡ್‌ಹೆಡ್‌ಗಳು ಎನ್ನುತ್ತಾರೆ. ಕಂಪ್ಯೂಟರುಗಳ ಮೂಲಕ ಹರಟೆ ಹೊಡೆಯಲು ಶುರು ಮಾಡಿದ ಮೊದಲ ಅಭಿಮಾನಿ ಬಳಗಗಳಲ್ಲಿ ಇದೂ ಒಂದು. ಅಭಿಮಾನಿಗಳ ಹರಟೆ ಹೇಗಿರುತ್ತದೆ ಅಂತ ನಿಮಗೂ ಗೊತ್ತು. ನಿನ್ನೆ ಕೇಳಿದ ಹಾಡಿನ ಬಗ್ಗೆ ನಾಲ್ಕು ಮಾತು. ಅಷ್ಟರಲ್ಲಿ ಯಾರದೋ ಮಗುವಿಗೆ ಜ್ವರ, ಇನ್ಯಾರಿಗೋ ಹೊಸ ಕೆಲಸ, ಮತ್ತೊಬ್ಬರ ಊರಲ್ಲಿ ಹಿಮ ಬಿದ್ದು ರಸ್ತೆ ಬಂದ್. ಹೊರಗಿನಿಂದ ನೋಡಿದವರು ಇದನ್ನು ದಾರಿ ತಪ್ಪಿದ ಮಾತು ಎನ್ನಬಹುದು. ನಾನು ಹಾಗೆ ನಂಬುವುದಿಲ್ಲ. ಬಳಗವನ್ನು ಹಿಡಿದಿಡುವುದೇ ಈ ದಾರಿ ತಪ್ಪಿದ ಮಾತು. ಅದಕ್ಕೆ ಸಾಕಷ್ಟು ಆಧಾರವೂ ಇದೆ.

ಮೊದಲು ಈ ಬ್ಯಾಂಡಿನ ಸುತ್ತಲೇ ಇಷ್ಟು ಮಾತು ಏಕೆ ಹುಟ್ಟಿತು ನೋಡೋಣ. ಗ್ರೇಟ್‌ಫುಲ್ ಡೆಡ್ ಶುರುವಾಗಿದ್ದು 1965ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಮೂವತ್ತು ವರ್ಷಗಳಲ್ಲಿ 2,300ಕ್ಕೂ ಹೆಚ್ಚು ಕಾರ್ಯಕ್ರಮ ಕೊಟ್ಟಿತು. ಯಾವ ರಾತ್ರಿ ಯಾವ ಹಾಡು ಬರುತ್ತದೆ ಅಂತ ಮೊದಲೇ ಹೇಳಲು ಆಗುತ್ತಿರಲಿಲ್ಲ. ಅದೇ ಹಾಡು ಒಂದು ರಾತ್ರಿ ಐದು ನಿಮಿಷಕ್ಕೆ ಮುಗಿದರೆ, ಇನ್ನೊಂದು ರಾತ್ರಿ ಇಪ್ಪತ್ತು ನಿಮಿಷ ಹರಿಯುತ್ತಿತ್ತು. ಹಾಗಾಗಿ ಪ್ರತಿ ಕಾರ್ಯಕ್ರಮವೂ ಹೊಸ ಸುದ್ದಿ. ನಿನ್ನೆ ಏನು ನುಡಿಸಿದರು ಅಂತ ಹೋದವರನ್ನು ಕೇಳಲೇಬೇಕು.

ಮಿದುಳಿನ ಮಟ್ಟದಲ್ಲೂ ಇದಕ್ಕೊಂದು ವಿವರಣೆ ಇದೆ. 2011ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು, ಇಷ್ಟದ ಸಂಗೀತ ಕೇಳಿ ಮೈ ಜುಮ್ಮೆನ್ನುವವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಆ ಕ್ಷಣದಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತಿತ್ತು. ಅಷ್ಟೇ ಅಲ್ಲ, ಆ ಕ್ಷಣ ಬರುವುದಕ್ಕೆ ಸ್ವಲ್ಪ ಮೊದಲೇ, ಇನ್ನೇನು ಬಂತು ಎಂದು ಕಾಯುವಾಗಲೂ, ಮಿದುಳಿನ ಬೇರೊಂದು ಭಾಗದಲ್ಲಿ ಅದು ಬಿಡುಗಡೆಯಾಗುತ್ತಿತ್ತು. ಅಂದರೆ ಕಾಯುವುದೂ ಸುಖದ ಒಂದು ಪಾಲು. ಮುಂದಿನ ಹಾಡು ಯಾವುದೆಂದು ತಿಳಿಯದ ಸಾವಿರಾರು ಜನರನ್ನು ಒಂದೇ ಮೈದಾನದಲ್ಲಿ ನಿಲ್ಲಿಸಿದರೆ ಏನಾಗಬಹುದು, ಊಹಿಸಿಕೊಳ್ಳಿ.

ಇನ್ನು ಕ್ಯಾಸೆಟ್ಟಿನ ಕಥೆ. ಬೇರೆ ಬ್ಯಾಂಡುಗಳು ಕದ್ದು ರೆಕಾರ್ಡ್ ಮಾಡುವವರನ್ನು ಹಿಡಿದು ಹೊರಗೆ ಹಾಕುತ್ತಿದ್ದ ಕಾಲದಲ್ಲಿ ಇವರು ಬೇಕಾದರೆ ಮಾಡಿಕೊಳ್ಳಿ ಎಂದರು. 1984ರ ಅಕ್ಟೋಬರಿನಲ್ಲಿ, ಬರ್ಕ್‌ಲಿಯ ಕಾರ್ಯಕ್ರಮದಿಂದ, ಮೈಕು ಹಿಡಿದು ಬರುವವರಿಗೆ ಅಧಿಕೃತವಾಗಿಯೇ ಬೇರೆ ಜಾಗ ಕೊಟ್ಟರು. ಮಾಡಿದ ರೆಕಾರ್ಡಿಂಗನ್ನು ಮಾತ್ರ ಮಾರಬಾರದು. ಮಾರಾಟ ಇಲ್ಲ ಎಂದ ಮೇಲೆ ಉಳಿದದ್ದು ಕೊಟ್ಟು ತೆಗೆದುಕೊಳ್ಳುವುದು. ನಿಮ್ಮ ಹತ್ತಿರ ಬದಲಿಗೆ ಕೊಡಲು ಏನೂ ಇಲ್ಲವೇ? ಖಾಲಿ ಕ್ಯಾಸೆಟ್ಟು ಮತ್ತು ವಾಪಸ್ ಕಳಿಸಲು ಅಂಚೆ ಚೀಟಿ ಕಳಿಸಿದರೆ ಸಾಕು, ಎಲ್ಲೋ ದೂರದ ಊರಿನ ಅಪರಿಚಿತರೊಬ್ಬರು ಗಂಟೆಗಟ್ಟಲೆ ಕೂತು ಪ್ರತಿ ಮಾಡಿ ಕಳಿಸುತ್ತಿದ್ದರು.

ಇಲ್ಲಿ ಭೌತಶಾಸ್ತ್ರವೂ ಬಳಗಕ್ಕೆ ನೆರವಾಯಿತು ಎನ್ನಬಹುದು. ಅನಲಾಗ್ ಟೇಪಿನ ಪ್ರತಿ ಎಂದೂ ಮೂಲದಷ್ಟು ಚೆನ್ನಾಗಿರುವುದಿಲ್ಲ. ಪ್ರತಿ ಟೇಪಿಗೂ ಅದರದೇ ಆದ ಸುಯ್ಯೆನ್ನುವ ಸದ್ದು ಇರುತ್ತದೆ. ಒಂದು ಟೇಪಿನಿಂದ ಇನ್ನೊಂದಕ್ಕೆ ಇಳಿಸಿದಾಗ ಎರಡರ ಸದ್ದೂ ಸೇರಿ, ಆ ಸದ್ದಿನ ಶಕ್ತಿ ಸುಮಾರು ಎರಡರಷ್ಟಾಗುತ್ತದೆ. ಡೆಸಿಬಲ್ ಲೆಕ್ಕದಲ್ಲಿ 3ರಷ್ಟು ಜಾಸ್ತಿ. ಪ್ರತಿಯ ಪ್ರತಿ, ಅದರ ಪ್ರತಿ ಎಂದು ಹೋದಂತೆ ಗಿಟಾರು ಮಸುಕಾಗುತ್ತದೆ. ಆದ್ದರಿಂದ ಈ ಕ್ಯಾಸೆಟ್ ಯಾರಿಂದ ಬಂತು, ಅವರಿಗೆ ಯಾರು ಕೊಟ್ಟರು ಎಂಬ ವಂಶಾವಳಿ ಎಲ್ಲರಿಗೂ ಮುಖ್ಯವಾಯಿತು. ಒಳ್ಳೆಯ ಪ್ರತಿ ಬೇಕೆಂದರೆ ಜನರ ಪರಿಚಯ ಬೇಕು. ಪರಿಚಯ ಬೇಕೆಂದರೆ ಕ್ಯಾಸೆಟ್ಟಿನ ಜೊತೆಗೊಂದು ಕಾಗದ ಬರೆಯಬೇಕು. ಕಾಗದದಲ್ಲಿ ಹಾಡಿನ ಪಟ್ಟಿಯಷ್ಟೇ ಬರೆದು ನಿಲ್ಲಿಸಲು ಯಾರಿಗೆ ಮನಸ್ಸು ಬರುತ್ತದೆ?

ಕಂಪ್ಯೂಟರಿನ ಸರದಿ ಇದಕ್ಕೂ ಮೊದಲೇ ಬಂದಿತ್ತು. 1970ರ ದಶಕದಲ್ಲೇ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದ ಕೆಲವರು ಈ ಬ್ಯಾಂಡಿನ ಬಗ್ಗೆ ಇಮೇಲಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಆದರೆ ಸಾಮಾನ್ಯ ಜನಕ್ಕೆ ಬಾಗಿಲು ತೆರೆದದ್ದು 1985ರಲ್ಲಿ ಶುರುವಾದ ದಿ ವೆಲ್ ಎಂಬ ವ್ಯವಸ್ಥೆ. ಮನೆಯ ಟೆಲಿಫೋನ್ ತಂತಿಯನ್ನು ಮೋಡೆಮ್‌ಗೆ ಸಿಕ್ಕಿಸಿ, ಸಾಸಲಿಟೊ ಎಂಬ ಊರಿನಲ್ಲಿದ್ದ ಒಂದು ಕಂಪ್ಯೂಟರಿಗೆ ಕರೆ ಮಾಡಿ, ಅಲ್ಲಿ ಬರೆದದ್ದನ್ನು ಓದಿ ಉತ್ತರ ಬರೆಯಬೇಕು. ಇದನ್ನು ಕಟ್ಟಿದ ಇಬ್ಬರು ಸ್ಟುವರ್ಟ್ ಬ್ರ್ಯಾಂಡ್ ಮತ್ತು ಲ್ಯಾರಿ ಬ್ರಿಲಿಯಂಟ್. ಈ ಬ್ರಿಲಿಯಂಟ್ ವೈದ್ಯರು. 1970ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಭಾರತದ ಹಳ್ಳಿಗಳಲ್ಲಿ ಸುತ್ತಿ ಸಿಡುಬನ್ನು ಓಡಿಸಿದ ತಂಡದಲ್ಲಿ ದುಡಿದವರು. ಆಮೇಲೆ ಸೇವಾ ಫೌಂಡೇಶನ್ ಕಟ್ಟಿ ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆಯ ಜೊತೆ ಕೆಲಸ ಮಾಡಿದರು. ಸೇವಾ ಫೌಂಡೇಶನ್ನಿಗಾಗಿ ಗ್ರೇಟ್‌ಫುಲ್ ಡೆಡ್ ಸಹಾಯಾರ್ಥ ಕಾರ್ಯಕ್ರಮವನ್ನೂ ಕೊಟ್ಟಿತ್ತು. ಭಾರತದ ಜೊತೆ ಇನ್ನೊಂದು ನಂಟೂ ಇದೆ. ಬ್ಯಾಂಡಿನ ಡ್ರಮ್ಮರ್ ಮಿಕಿ ಹಾರ್ಟ್ ನಮ್ಮ ಝಾಕಿರ್ ಹುಸೇನರಿಗೆ ಬಹುಕಾಲದ ಗೆಳೆಯರಾಗಿದ್ದರು. 1991ರಲ್ಲಿ ಅವರಿಬ್ಬರೂ, ಘಟಂ ವಿದ್ವಾನ್ ವಿಕ್ಕು ವಿನಾಯಕರಾಮ್ ಮುಂತಾದವರೂ ಸೇರಿ ತಂದ ತಾಳವಾದ್ಯದ ಆಲ್ಬಮ್ಮಿಗೆ ಗ್ರ್ಯಾಮಿ ಬಂತು.

ದಿ ವೆಲ್‌ನಲ್ಲಿ ಇದ್ದಷ್ಟು ಹೊತ್ತಿಗೂ ದುಡ್ಡು ಕೊಡಬೇಕಿತ್ತು. ಬಹಳ ಕಾಲ ಆ ಸಂಸ್ಥೆಗೆ ಅತಿ ಹೆಚ್ಚು ಆದಾಯ ತಂದುಕೊಟ್ಟವರು ಡೆಡ್‌ಹೆಡ್‌ಗಳೇ ಎಂದು ಅಲ್ಲಿನ ಹಳೆಯ ಸದಸ್ಯ, ಲೇಖಕ ಹೋವರ್ಡ್ ರೈನ್‌ಗೋಲ್ಡ್ ದಾಖಲಿಸಿದ್ದಾರೆ. ಅಂದರೆ ಮಾತಾಡುವುದಕ್ಕೆ ಕೈಯಿಂದ ಕಾಸು ಬಿಚ್ಚಲು ಇವರು ತಯಾರಿದ್ದರು! ಏನಿತ್ತು ಆ ಮಾತಿನಲ್ಲಿ?

ಬ್ರಿಟನ್ನಿನ ಮಾನವಶಾಸ್ತ್ರಜ್ಞ ರಾಬಿನ್ ಡನ್‌ಬಾರ್ ಇದಕ್ಕೆ ಒಂದು ಉತ್ತರ ಕೊಡುತ್ತಾರೆ. ಮಂಗಗಳು ಒಂದರ ಮೈಯನ್ನು ಇನ್ನೊಂದು ಹೆಕ್ಕಿ ಸ್ವಚ್ಛ ಮಾಡುವುದನ್ನು ನಾವೆಲ್ಲ ನೋಡಿದ್ದೇವೆ. ಅದು ಬರೀ ಹೇನಿನ ವಿಷಯವಲ್ಲ, ಸ್ನೇಹ ಉಳಿಸಿಕೊಳ್ಳುವ ವಿಧಾನ. ಕೆಲವು ಜಾತಿಯ ಮಂಗಗಳು ಎಚ್ಚರವಿದ್ದ ಹೊತ್ತಿನ ಶೇ. 20ರಷ್ಟನ್ನು ಇದಕ್ಕೇ ಕೊಡುತ್ತವೆ. ಮನುಷ್ಯರ ಸಹಜ ಬಳಗದ ಗಾತ್ರ ಸುಮಾರು 150 ಎಂದು ಡನ್‌ಬಾರ್ ಲೆಕ್ಕ. ಅಷ್ಟು ಜನರ ಜೊತೆ ಹೀಗೆ ಸ್ನೇಹ ಉಳಿಸಿಕೊಳ್ಳಲು ಹೊರಟರೆ ದಿನದ ಶೇ. 40ರಷ್ಟು ಹೊತ್ತು ಬೇಕಂತೆ. ಹೊಟ್ಟೆಪಾಡು ನೋಡುವುದು ಯಾವಾಗ? ಮಾತು ಬಂದಾಗ ಈ ತೊಡಕು ಸಡಿಲವಾಯಿತು. ಕೈಗೆ ಒಬ್ಬರೇ ಸಿಗುತ್ತಾರೆ, ಮಾತಿಗೆ ಒಟ್ಟಿಗೆ ಮೂವರು ಸಿಗುತ್ತಾರೆ.

ಇದು ಊಹೆಯಷ್ಟೇ ಅಲ್ವಾ ಎಂದು ಕೇಳಬಹುದು. ಭಾಷೆ ಹೀಗೇ ಹುಟ್ಟಿತು ಎಂಬುದು ಊಹೆಯೇ ಸರಿ. ಆದರೆ ಜನ ಏನು ಮಾತಾಡುತ್ತಾರೆ ಎಂಬುದನ್ನು ಅವರ ತಂಡ ಅಳೆದು ನೋಡಿದೆ. ಕ್ಯಾಂಟೀನಿನಂಥ ಜಾಗಗಳಲ್ಲಿ ಜನರ ಸಹಜ ಮಾತನ್ನು ಗಮನಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಾತಿನ ಹೊತ್ತಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೋಗುವುದು ಜನರ ಬಗ್ಗೆ, ಸಂಬಂಧಗಳ ಬಗ್ಗೆ, ತಮ್ಮ ತಮ್ಮ ಬದುಕಿನ ಬಗ್ಗೆ. ಗಂಡಸರು, ಹೆಂಗಸರು ಎಂಬ ಭೇದವೂ ಇದರಲ್ಲಿ ಹೆಚ್ಚಿರಲಿಲ್ಲ. ರಾಜಕೀಯ, ಕೆಲಸ, ಕಲೆ, ಆಟ ಎಲ್ಲ ಸೇರಿ ಉಳಿದ ಒಂದು ಪಾಲಿನಲ್ಲಿ ಜಾಗ ಹಂಚಿಕೊಳ್ಳಬೇಕು. ಹಾಗಿರುವಾಗ ಅಭಿಮಾನಿ ಬಳಗದಲ್ಲಿ ಮನೆಮಾತು ನುಸುಳುವುದು ಅಚ್ಚರಿಯಲ್ಲ. ನುಸುಳದೆ ಹೋಗಿದ್ದರೆ ಅದು ಅಚ್ಚರಿ.

ಇದಕ್ಕೂ ತುಂಬಾ ಹಿಂದೆ, 1923ರಲ್ಲಿ, ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ ಇನ್ನೊಂದು ಸೂಕ್ಷ್ಮ ಹೇಳಿದ್ದರು. ಕೆಲವು ಮಾತುಗಳ ಕೆಲಸ ಮಾಹಿತಿ ಕೊಡುವುದಲ್ಲ, ನಂಟನ್ನು ಚಾಲ್ತಿಯಲ್ಲಿ ಇಡುವುದು. ‘ಊಟ ಆಯ್ತಾ?’ ಎಂದು ನಾವು ಕೇಳುವುದು ಮೆನು ತಿಳಿಯಲಿಕ್ಕಲ್ಲ. ನಿನ್ನನ್ನು ಕಂಡೆ, ನೀನು ನಮ್ಮವನೇ ಎನ್ನಲಿಕ್ಕೆ. ರಾತ್ರಿ ಹನ್ನೊಂದಕ್ಕೆ ಮೋಡೆಮ್ ಹಾಕಿ ‘ಇವತ್ತು ಕೆಲಸ ಸಾಕಾಯ್ತು, ಹಳೇ ಟೇಪ್ ಹಾಕ್ಕೊಂಡು ಕೂತಿದ್ದೀನಿ’ ಎಂಬಂಥ ಒಂದು ಸಾಲು ಬರೆಯುವುದೂ ಇದೇ ಕೆಲಸ.

ಇಂಥ ಹರಟೆಯಿಂದ ಕೈಗೆ ಸಿಗುವ ಲಾಭವೂ ಇದೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲಿ ಬರೆದ ಒಂದು ಪ್ರಬಂಧ ಇವತ್ತಿಗೂ ಚರ್ಚೆಯಲ್ಲಿದೆ. ಬಾಸ್ಟನ್ ಬಳಿಯ ನ್ಯೂಟನ್ ಎಂಬ ಊರಿನಲ್ಲಿ, ಪರಿಚಯದವರ ಮೂಲಕ ಕೆಲಸ ಹಿಡಿದವರನ್ನು ಅವರು ಮಾತಾಡಿಸಿದರು. ಸುಳಿವು ಕೊಟ್ಟವರನ್ನು ಪದೇಪದೇ ಭೇಟಿಯಾಗುತ್ತಿದ್ದೆ ಎಂದವರು 100ಕ್ಕೆ 17ರಷ್ಟು ಮಾತ್ರ. ಮಿಕ್ಕವರಿಗೆಲ್ಲ ಸುಳಿವು ಸಿಕ್ಕಿದ್ದು ಯಾವಾಗಲಾದರೊಮ್ಮೆ ಕಾಣುವ ಪರಿಚಯಸ್ಥರಿಂದ. ಕಾರಣ ಸರಳ. ಹತ್ತಿರದ ಗೆಳೆಯರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರಬೇಕೆಂದರೆ ಬೇರೆ ಲೋಕದವರ ಜೊತೆ ಎಳೆಯಷ್ಟಾದರೂ ನಂಟು ಬೇಕು. ರಾಕ್ ಬ್ಯಾಂಡಿನ ಬಳಗದಲ್ಲಿ ವಕೀಲರು, ಬಡಗಿಗಳು, ನರ್ಸುಗಳು, ಪ್ರೋಗ್ರಾಮರುಗಳು ಎಲ್ಲ ಇರುತ್ತಾರೆ. ಹಾಡೊಂದು ಇಲ್ಲದಿದ್ದರೆ ಇವರು ಒಬ್ಬರನ್ನೊಬ್ಬರು ಮಾತಾಡಿಸುವ ಸಂದರ್ಭವೇ ಬರುತ್ತಿರಲಿಲ್ಲ.

ರೈನ್‌ಗೋಲ್ಡ್ ಹೇಳುವ ಒಂದು ಘಟನೆ ಇದಕ್ಕೆ ಒಪ್ಪುತ್ತದೆ. ಇದು ನಡೆದದ್ದು ದಿ ವೆಲ್‌ನಲ್ಲೇ, ಆದರೆ ಮಕ್ಕಳನ್ನು ಬೆಳೆಸುವವರ ಕೋಣೆಯಲ್ಲಿ. 1986ರ ಬೇಸಿಗೆಯಲ್ಲಿ ಅವರ 2 ವರ್ಷದ ಮಗಳ ತಲೆಗೆ ಉಣ್ಣಿ ಕಚ್ಚಿಕೊಂಡಿತು. ರಾತ್ರಿ ಹೊತ್ತು. ಅವರ ಹೆಂಡತಿ, ಮಕ್ಕಳ ಡಾಕ್ಟರಿಗೆ ಫೋನ್ ಮಾಡಿ ಉತ್ತರಕ್ಕೆ ಕಾಯುತ್ತಿದ್ದರು. ಇವರು ದಿ ವೆಲ್‌ನಲ್ಲಿ ಕೇಳಿದರು. ಅಲ್ಲಿದ್ದ ವೈದ್ಯರೊಬ್ಬರು ತೆಗೆಯುವ ಬಗೆ ಬರೆದರು. ಡಾಕ್ಟರ ಕಡೆಯಿಂದ ಫೋನ್ ಬರುವಷ್ಟರಲ್ಲಿ ಉಣ್ಣಿ ಹೊರಗೆ ಬಂದಾಗಿತ್ತು.

ನನಗೆ ಇದಕ್ಕಿಂತಲೂ ದೊಡ್ಡದಾಗಿ ಕಾಣುವುದು ವಾರ್ಫ್ ರ‍್ಯಾಟ್ಸ್ ಎಂಬ ಗುಂಪು. ಆ ಬ್ಯಾಂಡಿನ ಕಾರ್ಯಕ್ರಮಗಳಲ್ಲಿ ಕುಡಿತ, ಮಾದಕ ವಸ್ತು ಎರಡೂ ಧಾರಾಳ. ಅದರಿಂದ ಬದುಕು ಕೆಟ್ಟವರೂ ಬಹಳ. ಚಟ ಬಿಟ್ಟವರು ಏನು ಮಾಡಬೇಕು? ಸಂಗೀತವನ್ನೂ ಗೆಳೆಯರನ್ನೂ ಬಿಟ್ಟು ಮನೆಯಲ್ಲಿ ಕೂರಬೇಕೆ? 1980ರ ದಶಕದಲ್ಲಿ ಇಂಥವರು ಒಂದು ದಾರಿ ಕಂಡುಕೊಂಡರು. ಕಾರ್ಯಕ್ರಮದ ನಡುವಿನ ವಿರಾಮದಲ್ಲಿ, ಹಳದಿ ಬಲೂನು ಕಟ್ಟಿದ ಒಂದು ಜಾಗದಲ್ಲಿ ಸೇರುವುದು. ಈ ವಾರ ಹೇಗಿತ್ತು, ಇವತ್ತು ಹೇಗಿದೆ ಎಂದು ಮಾತಾಡುವುದು. ವಿರಾಮ ಮುಗಿದ ಕೂಡಲೇ ಹಾಡಿಗೆ ವಾಪಸ್. ಔಷಧಿ ಇಲ್ಲ, ಉಪದೇಶ ಇಲ್ಲ. ಒಂದೇ ಹಾಡು ಇಷ್ಟಪಡುವ, ಒಂದೇ ಕಷ್ಟ ಕಂಡ ಜನ ಅಷ್ಟೇ. ನೋಡನೋಡುತ್ತಾ ಇದು ಬೇರೆ ಬ್ಯಾಂಡುಗಳ ಅಭಿಮಾನಿಗಳಿಗೂ ಹಬ್ಬಿತು. ಕಿವಿ ಕೇಳದ ಅಭಿಮಾನಿಗಳಿಗೂ ಒಂದು ಜಾಗ ಇತ್ತು. ಸನ್ನೆ ಭಾಷೆಯಲ್ಲಿ ಹಾಡು ಹೇಳುವವರು ಇರುತ್ತಿದ್ದರು, ಕೇಳಲಾಗದವರು ಬಲೂನು ಹಿಡಿದು ನಿಲ್ಲುತ್ತಿದ್ದರು. ಗಾಳಿಯ ಒತ್ತಡ ಬದಲಾದಂತೆ ಬಲೂನಿನ ತೆಳು ಪೊರೆ ನಡುಗುತ್ತದೆ. ಬೆರಳ ಚರ್ಮದ ಆಳದಲ್ಲಿರುವ ಪುಟ್ಟ ಗ್ರಾಹಕಗಳು ಸೆಕೆಂಡಿಗೆ 250ರ ಆಸುಪಾಸಿನ ಕಂಪನವನ್ನು ಬಲು ಚೆನ್ನಾಗಿ ಹಿಡಿಯುತ್ತವೆ. ಬೇಸ್ ಗಿಟಾರು, ಡ್ರಮ್ಮು ಹೀಗೆ ಅಂಗೈಗೆ ತಲುಪುತ್ತಿದ್ದವು.

ಅಲ್ಲಿಗೆ ಹೋಗಿ ಕುಣಿಯುವುದಕ್ಕೂ ಪರದೆಯ ಮೇಲೆ ಹರಟುವುದಕ್ಕೂ ವ್ಯತ್ಯಾಸ ಇದೆ ಎಂಬುದನ್ನೂ ಹೇಳಬೇಕು. 2015ರಲ್ಲಿ ಬ್ರೆಜಿಲ್‌ನ ಶಾಲಾ ಮಕ್ಕಳನ್ನು ಗುಂಪು ಮಾಡಿ ಕುಣಿಸಿದ ಒಂದು ಪ್ರಯೋಗ ಪ್ರಕಟವಾಯಿತು. ಕೆಲವು ಗುಂಪುಗಳು ಎಲ್ಲರೂ ಒಂದೇ ಹೆಜ್ಜೆ ಹಾಕಿ ಕುಣಿದವು, ಕೆಲವು ಬೇರೆ ಬೇರೆ ಹೆಜ್ಜೆ ಹಾಕಿದವು. ಆಮೇಲೆ ರಕ್ತದೊತ್ತಡ ನೋಡುವ ಪಟ್ಟಿಯನ್ನು ತೋಳಿಗೆ ಬಿಗಿದು ಎಷ್ಟು ನೋವು ತಡೆದುಕೊಳ್ಳುತ್ತಾರೆ ಎಂದು ನೋಡಿದರು. ನೋವು ತಗ್ಗಿಸುವ ಎಂಡಾರ್ಫಿನ್ ಎಂಬ ಮಿದುಳಿನ ರಾಸಾಯನಿಕವನ್ನು ನೇರವಾಗಿ ಅಳೆಯುವುದು ಕಷ್ಟ, ಹಾಗಾಗಿ ಈ ಬಳಸು ದಾರಿ. ಒಟ್ಟಿಗೆ ಹೆಜ್ಜೆ ಹಾಕಿದವರು ಹೆಚ್ಚು ನೋವು ತಾಳಿದರು, ಗುಂಪಿನವರು ಹೆಚ್ಚು ಹತ್ತಿರದವರು ಅಂತಲೂ ಹೇಳಿದರು. ಕೀಲಿಮಣೆ ಕುಟ್ಟಿದರೆ ಇದು ಸಿಗುವುದಿಲ್ಲ. ಜಾಲತಾಣಗಳಲ್ಲಿ ಎಷ್ಟೇ ಗೆಳೆಯರಿದ್ದರೂ, ನಿಜವಾದ ಕಷ್ಟದಲ್ಲಿ ಹೋಗಿ ಕೇಳಬಹುದಾದವರು ಸುಮಾರು 4 ಮಂದಿ ಎಂದು ಡನ್‌ಬಾರ್ 2016ರಲ್ಲಿ ತೋರಿಸಿದರು. ಡೆಡ್‌ಹೆಡ್‌ಗಳಿಗೆ ಎರಡೂ ಇತ್ತು. ಒಟ್ಟಿಗೆ ಕುಣಿಯುವುದು ಗಂಟು ಹಾಕುತ್ತಿತ್ತು, ಹರಟೆ ಆ ಗಂಟು ಸಡಿಲವಾಗದಂತೆ ನೋಡಿಕೊಳ್ಳುತ್ತಿತ್ತು. 1989ರ ಬೇಸಿಗೆಯಲ್ಲಿ ತಮ್ಮ ವಿದ್ಯಾರ್ಥಿಗಳನ್ನೇ ಕರೆದುಕೊಂಡು ಬ್ಯಾಂಡಿನ ಹಿಂದೆ ಊರೂರು ತಿರುಗಿದ ಸಮಾಜಶಾಸ್ತ್ರಜ್ಞೆ ರೆಬೆಕಾ ಆಡಮ್ಸ್ ಅವರ ಕೆಲಸವೂ ಈ ಕಡೆಗೇ ಬೊಟ್ಟು ಮಾಡುತ್ತದೆ. ಒಂದೇ ಊರಿನಲ್ಲಿ ಇರದ ಜನರೂ ಒಂದು ಊರಿನವರಂತೆ ಬದುಕಬಲ್ಲರು.

1995ರ ಆಗಸ್ಟ್ 9ರಂದು ಬ್ಯಾಂಡಿನ ಗಿಟಾರ್ ವಾದಕ, ಗಾಯಕ ಜೆರಿ ಗಾರ್ಸಿಯಾ ತೀರಿಕೊಂಡರು. ವಯಸ್ಸು 53. ವರ್ಷ ಮುಗಿಯುವುದರೊಳಗೆ ಬ್ಯಾಂಡ್ ಇನ್ನಿಲ್ಲ ಎಂದು ಉಳಿದವರು ಘೋಷಿಸಿದರು. ಬಳಗ ಬರೀ ಕಾರ್ಯಕ್ರಮಗಳ ಬಗ್ಗೆ ಮಾತಾಡಲು ಸೇರಿದ್ದಾಗಿದ್ದರೆ ಅಲ್ಲಿಗೇ ಚದುರಬೇಕಿತ್ತು. ಚದುರಲಿಲ್ಲ. ಅಂಚೆಯಲ್ಲಿ ಸುತ್ತುತ್ತಿದ್ದ ಕ್ಯಾಸೆಟ್ಟುಗಳನ್ನು ಡಿಜಿಟಲ್ ಮಾಡಿ ಇಂಟರ್‌ನೆಟ್ ಆರ್ಕೈವ್ ಎಂಬ ಜಾಲತಾಣಕ್ಕೆ ಸೇರಿಸಿದರು. ಇವತ್ತು ಅಲ್ಲಿ ಸಾವಿರಾರು ರೆಕಾರ್ಡಿಂಗುಗಳು ಪುಕ್ಕಟೆ ಕೇಳಲು ಸಿಗುತ್ತವೆ. ಆ ರಾತ್ರಿ ಮಳೆ ಬಂದಿತ್ತೇ, ಯಾರ ಕಾರು ಕೆಟ್ಟಿತು, ಯಾರು ಯಾರನ್ನು ಮೊದಲ ಸಲ ಕಂಡರು ಎಂಬುದನ್ನೆಲ್ಲ ಹೋಗಿದ್ದವರು ಅವುಗಳ ಜೊತೆಗೇ ಬರೆದಿಡುತ್ತಾರೆ. ಈ ಬರಹಗಳು ಸಮಾಜಶಾಸ್ತ್ರಜ್ಞರಿಗೆ ಹಾಡಿನ ಪಟ್ಟಿಯಷ್ಟೇ ಬೆಲೆಯ ದಾಖಲೆ ಎಂದು ನನ್ನ ಅನಿಸಿಕೆ. ಹಾಡಿನ ಪಟ್ಟಿಗಳನ್ನು ಈಗಾಗಲೇ ಕಂಪ್ಯೂಟರಿಗೆ ಕೊಟ್ಟು ಲೆಕ್ಕ ಹಾಕಿದ್ದಾರೆ. ಮನೆಮಾತಿನ ಈ ರಾಶಿಯನ್ನು ಅಷ್ಟೇ ಶ್ರದ್ಧೆಯಿಂದ ಓದುವ ಕೆಲಸವೂ ಆಗಬೇಕು. 1970ರ ದಶಕದಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಈಗ ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ. ಅವರನ್ನು ಕೇಳಿ ತಿಳಿಯಲು ಇನ್ನೂ ಸಮಯ ಇದೆ.