ಗಡಿ ಕಲ್ಲು ಮುಂದೆ ಸರಿದರೆ

ಕೇಂದ್ರ ಸಂರಕ್ಷಿತ ಸ್ಮಾರಕಗಳ ಗಡಿ ವಿಸ್ತರಿಸುವ ಪ್ರಸ್ತಾವಗಳಿಗೆ ಖರ್ಚಿನ ಅಂದಾಜು ಹಾಕಿಕೊಡುವುದು ನನ್ನ ಕೆಲಸ. ಕಡತ ಕೈಗೆ ಬಂದಾಗ ಅದರಲ್ಲಿ ಸಾಮಾನ್ಯವಾಗಿ ಒಂದೇ ಮೊತ್ತ ಇರುತ್ತದೆ. ಜಮೀನಿನ ಬೆಲೆ.

ಅದು ಸಣ್ಣದೇನಲ್ಲ. 2013ರ ಭೂಸ್ವಾಧೀನ ಕಾಯ್ದೆಯ ಲೆಕ್ಕದಲ್ಲಿ ನಗರದ ಜಮೀನಿಗೆ ಮಾರುಕಟ್ಟೆ ಬೆಲೆಯ ಎರಡು ಪಟ್ಟು ಕೊಡಬೇಕು. ಹಳ್ಳಿಯಲ್ಲಿ ಎರಡರಿಂದ ನಾಲ್ಕು ಪಟ್ಟು. ಆದರೆ ಒಮ್ಮೆ ಕೊಟ್ಟರೆ ಮುಗಿಯಿತು (ಯಾರೂ ಕೋರ್ಟಿಗೆ ಹೋಗದಿದ್ದರೆ!).

ನನಗೆ ತಲೆನೋವು ಕೊಡುವುದು ಕಡತದಲ್ಲಿ ಇಲ್ಲದ ಜಮೀನು. ಸ್ಮಾರಕ ಸಂರಕ್ಷಣೆಯ 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ನಂತರ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ (ಅಲ್ಲಿ ಅನುಮತಿ ಪಡೆದೇ ಕಟ್ಟಬೇಕು). ಈ ಅಳತೆ ಶುರುವಾಗುವುದು ಗುಡಿಯ ಗೋಡೆಯಿಂದಲ್ಲ, ಸಂರಕ್ಷಿತ ಗಡಿಯಿಂದ. ಗಡಿ ಸರಿದರೆ ಇಡೀ ಉಂಗುರವೂ ಸರಿಯುತ್ತದೆ.

ಒಂದು ಹೆಕ್ಟೇರಿನ ಚೌಕ ಜಾಗವನ್ನು ನಾಲ್ಕು ಹೆಕ್ಟೇರಿನ ಚೌಕ ಮಾಡಿದಿರಿ ಅಂದುಕೊಳ್ಳಿ. ಸರ್ಕಾರ ಕೊಂಡದ್ದು 3 ಹೆಕ್ಟೇರ್. ನಿಷೇಧಿತ ಪ್ರದೇಶ ಇನ್ನೂ 4 ಹೆಕ್ಟೇರ್ ಬೆಳೆಯಿತು, ನಿಯಂತ್ರಿತ ಪ್ರದೇಶ 8. ಮೂರಕ್ಕೆ ದುಡ್ಡು ಕೊಟ್ಟು ಹದಿನೈದನ್ನು ಕಟ್ಟಿಹಾಕಿದ ಹಾಗಾಯಿತು, ಅಲ್ವಾ? ಆ 4 ಹೆಕ್ಟೇರಿನಲ್ಲಿ ಹಳೇ ಮನೆ ರಿಪೇರಿಗೂ ಅನುಮತಿ ಬೇಕು, ಹೊಸದು ಕಟ್ಟುವ ಹಾಗೇ ಇಲ್ಲ. ಪಂಚಾಯಿತಿಯ ನೀರಿನ ಟ್ಯಾಂಕ್ ಅಲ್ಲಿ ಬರಬೇಕಿದ್ದರೆ ಅದೂ ದೂರ ಹೋಗುತ್ತದೆ, ಪೈಪಿನ ಖರ್ಚು ಬೇರೆ ಬಾಬ್ತಿಗೆ ಬೀಳುತ್ತದೆ. ಸಾರ್ವಜನಿಕ ಕಾಮಗಾರಿಗೆ ಸಡಿಲಿಕೆ ಕೊಡುವ ಮಸೂದೆ 2018ರಲ್ಲಿ ಲೋಕಸಭೆ ದಾಟಿ, ರಾಜ್ಯಸಭೆಯಲ್ಲಿ ನಿಂತುಹೋಯಿತು.

ಇನ್ನು ಪ್ರತಿ ವರ್ಷದ ಖರ್ಚು. ಬೇಲಿ, ಹುಲ್ಲು ಕೀಳುವುದು, ಕಾವಲು. ಒಮ್ಮೆ ಒಂದು ಕಡತದಲ್ಲಿ ಕಾವಲುಗಾರನ ಸಂಬಳ ಎಲ್ಲಿ ಅಂತ ಕೇಳಿದೆ. "ಈಗ ಇರೋರೇ ನೋಡ್ಕೋತಾರೆ ಸರ್" ಅಂದರು. ಇದ್ದದ್ದು ಒಬ್ಬ. ದೇಶದ ಲೆಕ್ಕವೂ ಹೀಗೇ ಇದೆ. ಕೇಂದ್ರದ ಪಟ್ಟಿಯಲ್ಲಿ 3,600ಕ್ಕೂ ಹೆಚ್ಚು ಸ್ಮಾರಕಗಳಿವೆ. ಬೇಕಿದ್ದ ಕಾವಲು ಸಿಬ್ಬಂದಿ 7,000, ಹಣ ಸಾಲದೆ ಕೊಡಲು ಆದದ್ದು 2,578, ಅದೂ 248 ಕಡೆ ಮಾತ್ರ. ಇದು 2022ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ಸರ್ಕಾರವೇ ಕೊಟ್ಟ ಲೆಕ್ಕ.

ಹಾಗಂತ ವಿಸ್ತರಣೆಯೇ ಬೇಡ ಅಂತಲ್ಲ. ಮಣ್ಣಿನಡಿ ಅಡಿಪಾಯ ಇದೆ ಅಂತ ಗೊತ್ತಿದ್ದೂ ಮೇಲೆ ಲೇಔಟ್ ಆಗಲು ಬಿಡುವುದು ಇನ್ನೂ ದುಬಾರಿ. ಆದರೆ ಎಲ್ಲವನ್ನೂ ಕೊಳ್ಳಲೇಬೇಕು ಅಂತಿಲ್ಲ. 1958ರ ಕಾಯ್ದೆಯಲ್ಲೇ ಒಂದು ದಾರಿ ಇದೆ: ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ ಮೇಲೂ ಮಾಲೀಕ ಉಳುಮೆ ಮಾಡಬಹುದು, ಒಂದು ಅಡಿಗಿಂತ ಆಳಕ್ಕೆ ಅಗೆಯಬಾರದು ಅಷ್ಟೇ. ಜಮೀನು ರೈತನದ್ದೇ, ಬೇಲಿಯೂ ಅವನದ್ದೇ, ಹಗಲು ಅಲ್ಲಿ ಒಬ್ಬ ಮನುಷ್ಯ ಇರುತ್ತಾನೆ. ಉಂಗುರ ಮಾತ್ರ ಆಗಲೂ ಸರಿಯುತ್ತದೆ. ಅದಕ್ಕೇ ಈಗ ನನ್ನ ಅಂದಾಜಿನ ಮೊದಲ ಪುಟದಲ್ಲಿ ದುಡ್ಡಿಗಿಂತ ಮುಂಚೆ ಒಂದು ಸರ್ವೆ ನಕ್ಷೆ ಇಡುತ್ತೇನೆ, ಎರಡೂ ಉಂಗುರ ಬರೆದು, ಒಳಗೆ ಬೀಳುವ ಮನೆಗಳನ್ನು ಎಣಿಸಿ.