ಅಳತೆ ಹೇಳದೆ ಸಾವಿರ ಅಳೆದರೆ

ಬೈನರಿ ಕಡತವೆಂದರೆ ಏನೋ ಗುಪ್ತಲಿಪಿ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ನೋಟ್‌ಪ್ಯಾಡ್‌ನಲ್ಲಿ ತೆರೆದು ವಿಚಿತ್ರ ಅಕ್ಷರ ಕಂಡೊಡನೆ ‘ವೈರಸ್ ಬಂದಿದೆ’ ಎನ್ನುವವರೂ ಉಂಟು. ಪ್ಯಾಸ್ಕಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ 12345 ಎಂಬ ಸಂಖ್ಯೆಯನ್ನು ಪಠ್ಯ ಕಡತಕ್ಕೆ ಬರೆದರೆ ಐದು ಅಂಕಿಗೆ ಐದು ಬೈಟ್. ಅದನ್ನೇ 16 ಬಿಟ್‌ನ ಪೂರ್ಣಾಂಕವಾಗಿ, ಮೆಮೊರಿಯಲ್ಲಿ ಇದ್ದ ಹಾಗೆಯೇ ಬೈನರಿ ಕಡತಕ್ಕೆ ಇಳಿಸಿದರೆ ಎರಡೇ ಬೈಟ್: 57, 48. (48ನ್ನು 256ರಿಂದ ಗುಣಿಸಿ 57 ಕೂಡಿಸಿ ನೋಡಿ, ಇಂಟೆಲ್ ಚಿಪ್‌ಗಳು ಕಿರಿಯ ಬೈಟನ್ನು ಮುಂದಿಡುತ್ತವೆ.) ಅಕ್ಷರಕ್ಕೊಂದು ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ 57 ಎಂದರೆ ‘9’, 48 ಎಂದರೆ ‘0’. ಹಾಗಾಗಿ ಆ ಕಡತ ನೋಟ್‌ಪ್ಯಾಡ್‌ನಲ್ಲಿ 90 ಎಂದು ಕಾಣುತ್ತದೆ!

ಪ್ಯಾಸ್ಕಲ್ ಮಡಿವಂತ ಭಾಷೆ. 1970ರಲ್ಲಿ ಅದನ್ನು ರೂಪಿಸಿದ ನಿಕ್ಲಾಸ್ ವಿರ್ತ್ ಪೂರ್ಣಾಂಕದ ಎಲೆಗೆ ಅಕ್ಷರ ಬಡಿಸಲು ಬಿಡದವರು. ಬಫರಿನಲ್ಲಿ, ಅಂದರೆ ಮಾಹಿತಿ ಕೂಡಿಟ್ಟ ಮೆಮೊರಿಯ ಜಾಗದಲ್ಲಿ, ಇರುವುದನ್ನು ಒಂದೇ ಏಟಿಗೆ ಕಡತಕ್ಕೆ ಸುರಿಯುವ ಬ್ಲಾಕ್‌ರೈಟ್ ಎಂಬ ಆದೇಶ ಆಮೇಲಿನವರು ಸೇರಿಸಿದ್ದು, ಅದಕ್ಕೆ ಮಡಿಯಿಲ್ಲ. ಎಲ್ಲಿಂದ, ಎಷ್ಟು, ಇವೆರಡನ್ನೇ ಅದು ಕೇಳುತ್ತದೆ.

ಎಡವುವುದು ‘ಎಷ್ಟು’ ಎಂಬಲ್ಲಿ. ಕಣದಲ್ಲಿ ನಿಂತು ‘ಸಾವಿರ ಅಳೆದು ಸುರಿ’ ಎಂದಿರಿ, ಪಾವೋ ಕೊಳಗವೋ ಹೇಳಲಿಲ್ಲ. ಅಳೆಯುವವನು ಅಜ್ಜನ ಕಾಲದ ಕೊಳಗವನ್ನೇ ಎತ್ತಿಕೊಳ್ಳುತ್ತಾನೆ. ಇಲ್ಲಿಯೂ ಹಾಗೆಯೇ: ಕಡತ ತೆರೆಯುವ ರೀರೈಟ್ ಆದೇಶಕ್ಕೆ ಅಳತೆ ತಿಳಿಸದಿದ್ದರೆ ಒಂದು ಕೊಳಗಕ್ಕೆ 128 ಬೈಟ್. ಸಾವಿರ ಬೈಟ್‌ನ ಬಫರ್ ಕೊಟ್ಟು 1000 ಎಂದರೆ ಇಂದಿನ ಫ್ರೀ ಪ್ಯಾಸ್ಕಲ್ ಕೂಡ 1,28,000 ಬೈಟ್ ಬರೆಯಲು ಹೊರಡುತ್ತದೆ. ನಿಮ್ಮ ರಾಶಿ ಮುಗಿದ ಮೇಲೆ ಪಕ್ಕದವರ ರಾಶಿಗೆ ಕೈ! ರೀರೈಟ್‌ನ ಆವರಣದೊಳಗೆ ಎರಡನೆಯದಾಗಿ 1 ಎಂದು ಬರೆದರೆ ಮುಗಿಯಿತು.

‘ಎಲ್ಲಿಂದ’ ಎಂಬಲ್ಲಿ ಪಾಯಿಂಟರನ್ನೇ, ಅಂದರೆ ಮೆಮೊರಿಯ ವಿಳಾಸವನ್ನೇ ಇಟ್ಟುಕೊಂಡ ಹೆಸರನ್ನು, ಕೊಟ್ಟರೆ, ಕಣಜದ ಧಾನ್ಯ ಬಿಟ್ಟು ಕಣಜದ ದಾರಿ ಬರೆದ ಚೀಟಿಯನ್ನು ಅಳೆದಂತೆ. ಓಡುವಾಗಲೇ ಉದ್ದ ಬದಲಿಸಬಲ್ಲ ಪಟ್ಟಿಯಾದ ಡೈನಾಮಿಕ್ ಅರೇ ಕೂಡ ಒಳಗೊಳಗೆ ಪಾಯಿಂಟರೇ. ಅದರ ಸೊನ್ನೆಯ ಅಂಶವನ್ನು ತೋರಿಸಬೇಕು.

ಅಂದಹಾಗೆ ಆ 128 ಹಳೆಯ 8 ಇಂಚಿನ ಫ್ಲಾಪಿಯ ಒಂದು ಸೆಕ್ಟರ್. ಗ್ಯಾರಿ ಕಿಲ್ಡಾಲ್ ಅವರ ಸಿಪಿ/ಎಂ ಎಂಬ ಹಳೆಯ ಆಪರೇಟಿಂಗ್ ಸಿಸ್ಟಂ ಕಡತದ ಉದ್ದವನ್ನು ಈ ಕೊಳಗದಲ್ಲೇ ಎಣಿಸುತ್ತಿತ್ತು. ಕೊನೆಯ ಕೊಳಗ ಎಲ್ಲಿಯವರೆಗೆ ತುಂಬಿದೆ ಎನ್ನಲು ಪಠ್ಯದ ಕೊನೆಗೆ 26 ಎಂಬ ಬೈಟ್ ಇಡುತ್ತಿದ್ದರು. 1983ರಲ್ಲಿ ಬಂದ ಟರ್ಬೊ ಪ್ಯಾಸ್ಕಲ್ ಸಿಪಿ/ಎಂನಲ್ಲೂ ಓಡುತ್ತಿತ್ತು, ಎರಡು ರೂಢಿಯೂ ಅದಕ್ಕೆ ಅಂಟಿದವು. ಅದರಲ್ಲಿ ಚಿತ್ರವನ್ನು ಪಠ್ಯ ಕಡತವೆಂದು ತೆರೆದರೆ ಮೊದಲ 26 ಸಿಕ್ಕಲ್ಲೇ ಓದು ನಿಲ್ಲುತ್ತದೆ. ನಾನು ನಕಲಿಸಿದ ಚಿತ್ರವೊಂದು ಹೀಗೆ ಅರ್ಧಕ್ಕೇ ತುಂಡಾದಾಗ ಎರಡು ದಿನ ಫ್ಲಾಪಿಯನ್ನೇ ಬೈದಿದ್ದೆ.