ಕ್ಯಾಂಪಸ್ಸಿನಲ್ಲಿ ಜನಾಂಗೀಯ ತಿಕ್ಕಾಟ ಎದ್ದರೆ ಫುಟ್‌ಬಾಲ್ ತಂಡಕ್ಕೆ ಹುಡುಗರು ಸಿಗುವುದಿಲ್ಲವೇ?

ಓದುಗರ ಪ್ರಶ್ನೆ: ಅಮೆರಿಕದ ಯಾವುದಾದರೂ ಕಾಲೇಜಿನಲ್ಲಿ ಕಪ್ಪು ವಿದ್ಯಾರ್ಥಿಗಳ ಮೇಲೆ ನಿಂದನೆ, ಅದಕ್ಕೆ ಪ್ರತಿಭಟನೆ ಎಂಬ ಸುದ್ದಿ ಬಂದಾಗಲೆಲ್ಲ "ಅಲ್ಲಿನ ಫುಟ್‌ಬಾಲ್ ತಂಡದ ಕಥೆ ಮುಗಿಯಿತು, ಇನ್ನು ಒಳ್ಳೆಯ ಆಟಗಾರರು ಆ ಕಡೆ ತಲೆ ಹಾಕುವುದಿಲ್ಲ" ಎನ್ನುತ್ತಾರೆ. ಇದು ಎಷ್ಟರ ಮಟ್ಟಿಗೆ ನಿಜ?

ಉತ್ತರ: ಪೆಟ್ಟು ಬೀಳುವುದು ನಿಜ. ಆದರೆ ಅದು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ಘಟನೆ ನಡೆದ ಮೊದಲ ವಾರದಲ್ಲಿ ಕೋಚ್ ಯಾರ ಪಕ್ಕ ನಿಂತರು ಎಂಬ ಸಂಗತಿ. ಇದು ಅರ್ಥವಾಗಬೇಕಾದರೆ ಆಟಗಾರರನ್ನು ಸೇರಿಸಿಕೊಳ್ಳುವ ಕ್ರಮ ಗೊತ್ತಿರಬೇಕು.

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ (ಇದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್) ಐಪಿಎಲ್‌ನಂಥ ಹರಾಜಿಲ್ಲ. ಹೈಸ್ಕೂಲಿನಲ್ಲಿ ಚೆನ್ನಾಗಿ ಆಡುವ ಹುಡುಗನ ಮನೆಗೆ ಹತ್ತಾರು ಕಾಲೇಜುಗಳ ಕೋಚ್‌ಗಳು ಎಡತಾಕುತ್ತಾರೆ, ಸ್ಕಾಲರ್‌ಶಿಪ್ ಕೊಡುತ್ತೇವೆ ಎನ್ನುತ್ತಾರೆ. ಬಹುಕಾಲ ಒಂದು ದೊಡ್ಡ ತಂಡಕ್ಕೆ 85 ಸ್ಕಾಲರ್‌ಶಿಪ್‌ಗಳ ಮಿತಿಯಿತ್ತು, ವರ್ಷಕ್ಕೆ ಹೊಸದಾಗಿ ಬರುವವರು ಸುಮಾರು 25 ಮಂದಿ. ಹುಡುಗ ಮೊದಲು ಬಾಯಿಮಾತಿನಲ್ಲಿ ಒಪ್ಪುತ್ತಾನೆ. ಇದು ಮಾತುಕತೆ ಮುಗಿದ ಮದುವೆಯ ಹಾಗೆ, ಧಾರೆ ಎರೆಯುವವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದು. ಕಾಗದಕ್ಕೆ ಸಹಿ ಬೀಳುವುದು ಫೆಬ್ರವರಿಯ ಮೊದಲ ಬುಧವಾರ. 2017ರಿಂದ ಡಿಸೆಂಬರ್‌ನಲ್ಲೂ ಸಹಿ ಹಾಕಬಹುದು. ಮಾತಿಗೂ ಸಹಿಗೂ ನಡುವಿನ ಈ ತಿಂಗಳುಗಳಲ್ಲಿ ಕ್ಯಾಂಪಸ್ಸಿನಿಂದ ಕೆಟ್ಟ ಸುದ್ದಿ ಬಂದರೆ ಹುಡುಗ ಜಾರುತ್ತಾನೆ.

2015ರ ಮಾರ್ಚ್‌ನಲ್ಲಿ ಓಕ್ಲಹೋಮಾ ವಿಶ್ವವಿದ್ಯಾಲಯದಲ್ಲಿ ಆದದ್ದು ಹೀಗೆಯೇ. ಎಸ್‌ಎಇ ಎಂಬ ವಿದ್ಯಾರ್ಥಿ ಸಂಘದ ಬಿಳಿ ಹುಡುಗರು ಬಸ್ಸಿನಲ್ಲಿ ಜನಾಂಗೀಯ ನಿಂದನೆಯ ಹಾಡು ಹೇಳುತ್ತಿದ್ದ ವಿಡಿಯೊ ಒಂದು ಭಾನುವಾರ ಹೊರಬಿತ್ತು. ಆ ಕಾಲೇಜಿಗೆ ಬರುತ್ತೇನೆಂದು ಮಾತು ಕೊಟ್ಟಿದ್ದ ಟೆಕ್ಸಾಸಿನ ಒಬ್ಬ ಆಕ್ರಮಣ ಸಾಲಿನ ಆಟಗಾರ ಮರುದಿನವೇ ಮಾತು ಹಿಂಪಡೆದ, ಮುಂದೆ ಟೆಕ್ಸಾಸ್ ವಿಶ್ವವಿದ್ಯಾಲಯ ಸೇರಿದ. ಜನಾಂಗೀಯ ಘಟನೆಗೂ ಹುಡುಗ ಕೈತಪ್ಪಿದ್ದಕ್ಕೂ ಇಷ್ಟು ನೇರ ನಂಟು ಕಾಣುವ ಉದಾಹರಣೆಗಳು ಕಡಿಮೆ. ಆದರೆ ತಂಡ ಕುಸಿಯಲಿಲ್ಲ. ವಿಶ್ವವಿದ್ಯಾಲಯದ ಅಧ್ಯಕ್ಷ ಡೇವಿಡ್ ಬೋರೆನ್ ಸಂಘದ ಮನೆಯನ್ನು ಮುಚ್ಚಿಸಿ ಇಬ್ಬರು ವಿದ್ಯಾರ್ಥಿಗಳನ್ನು ಹೊರಹಾಕಿದರು, ಇದೆಲ್ಲ ಎರಡು ಮೂರು ದಿನಗಳಲ್ಲಿ ಮುಗಿಯಿತು. ಆಟಗಾರರು ಅಭ್ಯಾಸ ಬಿಟ್ಟು ಕೈಗೆ ಕೈ ಬೆಸೆದು ಮೌನವಾಗಿ ನಡೆದಾಗ ಕೋಚ್ ಬಾಬ್ ಸ್ಟೂಪ್ಸ್ ಅವರ ಜತೆಯಲ್ಲಿದ್ದರು. ಆ ವರ್ಷ ತಂಡ 11 ಪಂದ್ಯ ಗೆದ್ದು ರಾಷ್ಟ್ರೀಯ ಪ್ಲೇಆಫ್‌ನ ನಾಲ್ಕು ತಂಡಗಳಲ್ಲಿ ಒಂದಾಯಿತು.

ಅದೇ ವರ್ಷ ಮಿಸೌರಿ ವಿಶ್ವವಿದ್ಯಾಲಯದಲ್ಲಿ ನಡೆದದ್ದನ್ನು ಜನ ಹೆಚ್ಚಾಗಿ ಎತ್ತಿ ಆಡುತ್ತಾರೆ, ಮತ್ತು ಹೆಚ್ಚಾಗಿ ತಪ್ಪು ಅರ್ಥ ಮಾಡಿಕೊಳ್ಳುತ್ತಾರೆ. ಅಲ್ಲಿನ ಕೊಲಂಬಿಯಾ ಕ್ಯಾಂಪಸ್ಸು ಫರ್ಗುಸನ್‌ನಿಂದ ಸುಮಾರು ಎರಡು ಗಂಟೆಯ ದಾರಿ. 2014ರ ಆಗಸ್ಟ್‌ನಲ್ಲಿ ಪೊಲೀಸರ ಗುಂಡಿಗೆ ಕಪ್ಪು ತರುಣನೊಬ್ಬ ಬಲಿಯಾದದ್ದು ಆ ಫರ್ಗುಸನ್‌ನಲ್ಲೇ. ಫರ್ಗುಸನ್ ಇರುವ ಸೇಂಟ್ ಲೂಯಿಸ್ ಭಾಗದಿಂದಲೇ ಮಿಸೌರಿ ತಂಡಕ್ಕೆ ಬಹಳಷ್ಟು ಹುಡುಗರು ಬರುತ್ತಾರೆ. 2015ರ ಶರತ್ಕಾಲದಲ್ಲಿ ಕ್ಯಾಂಪಸ್ಸಿನಲ್ಲಿ ನಿಂದನೆಯ ಪ್ರಕರಣಗಳು ಒಂದರ ಮೇಲೊಂದು ಬಂದವು. ಮೊದಲ ಕಪ್ಪು ವಿದ್ಯಾರ್ಥಿಗೆ ಪ್ರವೇಶ ಸಿಕ್ಕ ವರ್ಷವನ್ನೇ ಹೆಸರಿನಲ್ಲಿಟ್ಟುಕೊಂಡ 'ಕನ್ಸರ್ನ್ಡ್ ಸ್ಟೂಡೆಂಟ್ 1950' ಎಂಬ ಗುಂಪು ಪ್ರತಿಭಟನೆಗೆ ಇಳಿಯಿತು. ನವೆಂಬರ್ 2ರಂದು ಜೊನಾಥನ್ ಬಟ್ಲರ್ ಎಂಬ ಸ್ನಾತಕೋತ್ತರ ವಿದ್ಯಾರ್ಥಿ ವಿಶ್ವವಿದ್ಯಾಲಯದ ಅಧ್ಯಕ್ಷ ಟಿಮ್ ವುಲ್ಫ್ ಹುದ್ದೆ ಬಿಡುವವರೆಗೆ ಉಪವಾಸ ಎಂದು ಕುಳಿತರು. 7ರಂದು ತಂಡದ ಸುಮಾರು 30 ಕಪ್ಪು ಆಟಗಾರರು, ವುಲ್ಫ್ ಹೋಗುವವರೆಗೆ ನಾವು ಆಡುವುದಿಲ್ಲ ಎಂದರು.

ಮುಂದಿನ ಪಂದ್ಯ 14ರಂದು ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಎದುರು, ಕ್ಯಾನ್ಸಸ್ ಸಿಟಿಯಲ್ಲಿ. ಆಡದಿದ್ದರೆ ಒಪ್ಪಂದದಂತೆ 10 ಲಕ್ಷ ಡಾಲರ್ ದಂಡ ಕಟ್ಟಬೇಕಿತ್ತು. ಕೋಚ್ ಗ್ಯಾರಿ ಪಿಂಕೆಲ್ 8ರಂದು ಕಪ್ಪು, ಬಿಳಿ ಎನ್ನದೆ ತಂಡದವರೆಲ್ಲ ಒಟ್ಟಿಗೆ ನಿಂತ ಚಿತ್ರ ಹಾಕಿ ತಾವು ಆಟಗಾರರ ಜತೆಗಿದ್ದೇವೆ ಎಂದರು. 9ರಂದು ವುಲ್ಫ್ ರಾಜೀನಾಮೆ ಕೊಟ್ಟರು. ತಿಂಗಳುಗಟ್ಟಲೆ ನಡೆದ ಪ್ರತಿಭಟನೆಗೆ ಬಗ್ಗದ ಆಡಳಿತ ಎರಡೇ ದಿನದಲ್ಲಿ ಬಗ್ಗಿತು. ಪಂದ್ಯ ನಡೆಯಿತು, ಮಿಸೌರಿ 20-16ರಿಂದ ಗೆದ್ದಿತು.

ನಂತರದ ಎರಡು ವರ್ಷಗಳಲ್ಲಿ ಮೊದಲ ವರ್ಷಕ್ಕೆ ಸೇರುವ ವಿದ್ಯಾರ್ಥಿಗಳ ಸಂಖ್ಯೆ ಶೇ. 35ಕ್ಕಿಂತ ಹೆಚ್ಚು ಇಳಿಯಿತು, ಏಳು ಹಾಸ್ಟೆಲ್‌ಗಳನ್ನು ತಾತ್ಕಾಲಿಕವಾಗಿ ಮುಚ್ಚಬೇಕಾಯಿತು. ಫುಟ್‌ಬಾಲ್ ತಂಡವೂ 2015ರಲ್ಲಿ 5 ಗೆದ್ದು 7 ಸೋತಿತು, 2016ರಲ್ಲಿ 4 ಗೆದ್ದು 8 ಸೋತಿತು. ಈ ಎರಡನ್ನೂ ಪಕ್ಕಪಕ್ಕ ಇಟ್ಟು "ನೋಡಿ, ಪ್ರತಿಭಟನೆ ತಂಡವನ್ನು ತಿಂದುಹಾಕಿತು" ಎನ್ನುವವರಿದ್ದಾರೆ. ಈ ಲೆಕ್ಕ ಎರಡು ಕಡೆ ತಪ್ಪುತ್ತದೆ. ಒಂದು, ಶುಲ್ಕ ಕಟ್ಟಿ ಓದಲು ಬರುವ ವಿದ್ಯಾರ್ಥಿಯ ತಂದೆತಾಯಿಗೆ ಪಕ್ಕದ ರಾಜ್ಯದಲ್ಲಿ ಅಂಥದ್ದೇ ಹತ್ತು ಕಾಲೇಜುಗಳಿವೆ. ಆಟಗಾರನಿಗೆ ಬಲಿಷ್ಠ ಸಮ್ಮೇಳನದ (ಕಾಲೇಜು ತಂಡಗಳು ಸೇರಿ ಆಡುವ ಲೀಗ್) ತಂಡದಲ್ಲಿ ಪೂರ್ತಿ ಸ್ಕಾಲರ್‌ಶಿಪ್ ಕೈಯಲ್ಲಿದೆ, ಬಿಟ್ಟರೆ ಅದೇ ಮಟ್ಟದ್ದು ಇನ್ನೊಂದು ಸಿಗುತ್ತದೆಂಬ ಭರವಸೆಯಿಲ್ಲ. ಎರಡು, ಪಿಂಕೆಲ್ ಅದೇ ನವೆಂಬರ್ 13ರಂದು ತಮಗೆ ಲಿಂಫೋಮಾ ಕ್ಯಾನ್ಸರ್ ಇದೆ, ಸೀಸನ್ ಮುಗಿದ ಮೇಲೆ ನಿವೃತ್ತಿ ಎಂದು ಘೋಷಿಸಿದರು. ಅವರ ಜಾಗಕ್ಕೆ ಬ್ಯಾರಿ ಓಡಮ್ ಡಿಸೆಂಬರ್‌ನಲ್ಲಿ ಬಂದಾಗ ಸಹಿಗೆ ಉಳಿದಿದ್ದದ್ದು ಎರಡು ತಿಂಗಳು. ಕೋಚ್ ಬದಲಾದರೆ ಯಾವ ಗಲಾಟೆಯೂ ಇಲ್ಲದ ಕಾಲೇಜಿನಲ್ಲೂ ಮಾತು ಕೊಟ್ಟ ಹುಡುಗರು ಚದುರುತ್ತಾರೆ. ಓಡಮ್ ಅದೇ ತಂಡದ ರಕ್ಷಣಾ ವಿಭಾಗದ ಕೋಚ್ ಆಗಿದ್ದರಿಂದ ಹಾನಿ ಕಡಿಮೆಯೇ ಆಯಿತು ಎನ್ನಬೇಕು. 2015ರಲ್ಲಿ ಮೊದಲ ವರ್ಷದವನಾಗಿದ್ದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಡ್ರೂ ಲಾಕ್ ಬಿಟ್ಟುಹೋಗಲಿಲ್ಲ. 2017ರಲ್ಲಿ 44 ಟಚ್‌ಡೌನ್ ಪಾಸ್ (ಅಂಕ ತಂದುಕೊಡುವ ಎಸೆತ) ಎಸೆದು ತಮ್ಮ ಸಮ್ಮೇಳನದ ಆವರೆಗಿನ ದಾಖಲೆ ಮುರಿದರು.

ಹೆಚ್ಚು ಕೆಡುಕು ಮಾಡಬಹುದಾಗಿದ್ದದ್ದು ಬೇರೆ ಇತ್ತು. ಆ ಡಿಸೆಂಬರ್‌ನಲ್ಲಿ ಮಿಸೌರಿಯ ಶಾಸಕರೊಬ್ಬರು, ಆರೋಗ್ಯದ ಕಾರಣವಿಲ್ಲದೆ ಆಡಲು ನಿರಾಕರಿಸುವ ಆಟಗಾರರ ಸ್ಕಾಲರ್‌ಶಿಪ್ ಕಿತ್ತುಕೊಳ್ಳುವ ಮಸೂದೆ ತಂದರು. ಕೆಲವೇ ದಿನಗಳಲ್ಲಿ ಹಿಂಪಡೆದರು. ಅದು ಕಾನೂನಾಗಿದ್ದರೆ ಎದುರಾಳಿ ಕೋಚ್‌ಗಳು ಸೇಂಟ್ ಲೂಯಿಸ್‌ನ ಪ್ರತಿ ಮನೆಯ ಅಡುಗೆಮನೆಯಲ್ಲಿ ಕುಳಿತು ತಾಯಂದಿರಿಗೆ ಅದನ್ನೇ ಓದಿ ಹೇಳುತ್ತಿದ್ದರು. ಇನ್ನೊಂದು ಕಾಲೇಜನ್ನು ಕೆಟ್ಟದಾಗಿ ತೋರಿಸಿ ಹುಡುಗನನ್ನು ಸೆಳೆಯುವ ಈ ಪದ್ಧತಿಗೆ ಅಲ್ಲಿ 'ನೆಗೆಟಿವ್ ರಿಕ್ರೂಟಿಂಗ್' ಎನ್ನುತ್ತಾರೆ.

ಕೋಚ್ ಆಟಗಾರರ ವಿರುದ್ಧ ನಿಂತರೆ ಏನಾಗುತ್ತದೆ? ವ್ಯೋಮಿಂಗ್ ವಿಶ್ವವಿದ್ಯಾಲಯವನ್ನು ನೋಡಬೇಕು. 1969ರ ಅಕ್ಟೋಬರ್. ತಂಡ ಆಡಿದ ನಾಲ್ಕೂ ಪಂದ್ಯ ಗೆದ್ದಿತ್ತು. ಮುಂದಿನ ಎದುರಾಳಿ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯವನ್ನು ನಡೆಸುತ್ತಿದ್ದ ಮಾರ್ಮನ್ ಚರ್ಚು ಆಗ ಕಪ್ಪು ಜನರಿಗೆ ಪೌರೋಹಿತ್ಯ ಕೊಡುತ್ತಿರಲಿಲ್ಲ. ಅದನ್ನು ಪ್ರತಿಭಟಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಬಹುದೇ ಎಂದು ಕೇಳಲು 14 ಕಪ್ಪು ಆಟಗಾರರು ಹೋದರು. ಕೋಚ್ ಲಾಯ್ಡ್ ಈಟನ್ ಅಷ್ಟೂ ಮಂದಿಯನ್ನು ಅಲ್ಲೇ ತಂಡದಿಂದ ಕಿತ್ತುಹಾಕಿದರು. ತಂಡ ಮುಂದಿನ ಎರಡು ಪಂದ್ಯ ಗೆದ್ದಾಗ ಊರಿನವರು ಕೋಚ್ ಮಾಡಿದ್ದೇ ಸರಿ ಎಂದರು. ಆಮೇಲೆ ಸತತ ನಾಲ್ಕು ಸೋಲು. 1970ರಲ್ಲಿ ಗೆದ್ದದ್ದು ಒಂದೇ ಪಂದ್ಯ, ಸೋತದ್ದು ಒಂಬತ್ತು. ಕಪ್ಪು ಹುಡುಗರು ಆ ವಿಶ್ವವಿದ್ಯಾಲಯವಿರುವ ಲಾರಮಿ ಪಟ್ಟಣದ ಕಡೆ ಬರಲು ವರ್ಷಗಟ್ಟಲೆ ಹಿಂಜರಿದರು. ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 50 ವರ್ಷಗಳ ನಂತರ, 2019ರಲ್ಲಿ. ಆ 14 ಮಂದಿಯಲ್ಲಿ ಕೆಲವರು ಅಷ್ಟರಲ್ಲಿ ತೀರಿಕೊಂಡಿದ್ದರು.

ಒಂದು ದಿನದ ಘಟನೆಯಾಗಿರದೆ ವರ್ಷಪೂರ್ತಿ ಕಣ್ಣಿಗೆ ಬೀಳುವ ಗುರುತುಗಳ ಪೆಟ್ಟು ನಿಧಾನವಾದದ್ದು. ಮಿಸಿಸಿಪಿ ವಿಶ್ವವಿದ್ಯಾಲಯದ ಸ್ಟೇಡಿಯಮ್ಮಿನಲ್ಲಿ ಅಭಿಮಾನಿಗಳು ಗುಲಾಮಗಿರಿಯ ಪರವಾಗಿ ಯುದ್ಧ ಮಾಡಿದ ದಕ್ಷಿಣದ ಬಾವುಟ ಬೀಸುತ್ತಿದ್ದರು. ಭೇಟಿಗೆ ಕರೆತಂದ ಕಪ್ಪು ಹುಡುಗನನ್ನು ಅದೇ ಬಾವುಟಗಳ ಎದುರು ಕೂರಿಸಬೇಕಾಗುತ್ತದೆ ಎಂಬುದು ಕೋಚ್ ಟಾಮಿ ಟ್ಯೂಬರ್‌ವಿಲ್‌ಗೆ ತಲೆನೋವಾಗಿತ್ತು, ಬಾವುಟ ಮನೆಯಲ್ಲೇ ಬಿಟ್ಟು ಬನ್ನಿ ಎಂದು ಅವರೇ ಕೇಳಿಕೊಂಡರು. 1997ರಲ್ಲಿ ವಿಶ್ವವಿದ್ಯಾಲಯ ಸ್ಟೇಡಿಯಮ್ಮಿಗೆ ಕೋಲು ತರುವುದನ್ನೇ ನಿಷೇಧಿಸಿತು. ಬಾವುಟವನ್ನು ನಿಷೇಧಿಸಿದರೆ ಅಭಿವ್ಯಕ್ತಿ ಸ್ವಾತಂತ್ರ್ಯದ ಮೊಕದ್ದಮೆ ಬೀಳುತ್ತದೆ, ಕೋಲಿಗೆ ಆ ರಕ್ಷಣೆಯಿಲ್ಲ.

ಹುಡುಗನ ನಿರ್ಧಾರದಲ್ಲಿ ಕೋಚ್‌ನಷ್ಟೇ ತೂಕ ಈಗಾಗಲೇ ಆಡುತ್ತಿರುವ ಹುಡುಗರ ಮಾತಿಗಿದೆ. ಅಧಿಕೃತ ಭೇಟಿ ಎಂದರೆ ಕಾಲೇಜಿನ ಖರ್ಚಿನಲ್ಲಿ 48 ಗಂಟೆ, ಅದರಲ್ಲಿ ಒಂದು ರಾತ್ರಿಯಾದರೂ ತಂಡದ ಆಟಗಾರನೊಬ್ಬನ ಜತೆ ಸುತ್ತಾಟ ಇರುತ್ತದೆ. "ಇಲ್ಲಿ ನಿಜವಾಗಿ ಹೇಗಿದೆ?" ಎಂಬ ಪ್ರಶ್ನೆ ಹೊರಬರುವುದು ಆಗ. 2020ರ ಜೂನ್‌ನಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಆಟಗಾರರು ಈ ಶಕ್ತಿಯನ್ನೇ ಬಳಸಿದರು: ಅಭ್ಯಾಸ ಮಾಡುತ್ತೇವೆ, ಆದರೆ ಬೇಡಿಕೆ ಈಡೇರುವವರೆಗೆ ಹೊಸ ಹುಡುಗರನ್ನು ಕರೆತರಲು ಸಹಾಯ ಮಾಡುವುದಿಲ್ಲ, ದಾನಿಗಳ ಕಾರ್ಯಕ್ರಮಕ್ಕೆ ಬರುವುದಿಲ್ಲ. ಒಂದು ತಿಂಗಳಲ್ಲಿ ಒಂದು ಕಟ್ಟಡದ ಹೆಸರು ಬದಲಾಯಿತು, ತಂಡದ ಮೊದಲ ಕಪ್ಪು ಆಟಗಾರ ಜೂಲಿಯಸ್ ವಿಟಿಯರ್‌ಗೆ ಪ್ರತಿಮೆ ನಿಲ್ಲಿಸುವ ಘೋಷಣೆ ಬಂತು. ಅವರು ಬೇಡವೆಂದ ಕಾಲೇಜು ಹಾಡು ಮಾತ್ರ ಉಳಿಯಿತು.

ಈಗ ಹುಡುಗ ಸೇರಿದ ಮೇಲೂ ಹೋಗಬಹುದು. 2018ರ ಅಕ್ಟೋಬರ್‌ನಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಿಸಬಯಸುವ ಆಟಗಾರರು ಹೆಸರು ದಾಖಲಿಸುವ ಪಟ್ಟಿ) ಬಂತು, 2021ರಿಂದ ಮೊದಲ ಸಲ ಕಾಲೇಜು ಬದಲಿಸುವವನು ಒಂದು ವರ್ಷ ಹೊರಗೆ ಕೂರಬೇಕಿಲ್ಲ. ಅಂದರೆ 1969ರ ಈಟನ್ ಮಾಡಿದಂಥದ್ದನ್ನು ಇಂದು ಯಾರಾದರೂ ಮಾಡಿದರೆ ಮುಂದಿನ ವರ್ಷದ ಹುಡುಗರಷ್ಟೇ ಅಲ್ಲ, ಈ ವರ್ಷದ ತಂಡವೂ ಖಾಲಿಯಾಗುತ್ತದೆ.

ಮಿಸೌರಿಯ ಮುಂದಿನ ಅಧ್ಯಾಯ ಇಲ್ಲಿಗೆ ಸೇರುತ್ತದೆ. 2020ರ ಜೂನ್‌ನಲ್ಲಿ ಹೊಸ ಕೋಚ್ ಇಲೈ ಡ್ರಿಂಕ್‌ವಿಟ್ಸ್ ಆಟಗಾರರ ಜತೆ ಕ್ಯಾಂಪಸ್ಸಿನಿಂದ ನ್ಯಾಯಾಲಯದವರೆಗೆ ನಡೆದರು. ಅದೇ ದಿನ 62 ಆಟಗಾರರು ಮತದಾರರಾಗಿ ನೋಂದಾಯಿಸಿಕೊಂಡರು. ಮರುವರ್ಷ ಅಕ್ಟೋಬರ್‌ನಲ್ಲಿ ಸೇಂಟ್ ಲೂಯಿಸ್‌ನ ಲೂಥರ್ ಬರ್ಡನ್, ದೇಶದ ಅತ್ಯುತ್ತಮ ಕ್ಯಾಚ್ ಹಿಡಿಯುವವರಲ್ಲಿ ಒಬ್ಬ ಎನಿಸಿದ್ದ ಕಪ್ಪು ಹುಡುಗ, ಜಾರ್ಜಿಯಾ, ಅಲಬಾಮಾಗಳನ್ನು ಬಿಟ್ಟು ಮಿಸೌರಿಯನ್ನು ಆರಿಸಿಕೊಂಡ. ನಡಿಗೆಯಿಂದಲೇ ಆತ ಬಂದ ಎನ್ನಲಾಗದು, ಮನೆಯ ಹತ್ತಿರ ಆಡುವ ಆಸೆಯೂ ಹಣದ ಒಪ್ಪಂದಗಳೂ ಇದ್ದವು. ಆದರೆ 2015ರ ಘಟನೆ ಆ ಊರಿನ ಹುಡುಗರಿಗೆ ಬಾಗಿಲು ಮುಚ್ಚಿತ್ತು ಎನ್ನುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2023ರಲ್ಲಿ ಆತನಿದ್ದ ತಂಡ 11 ಪಂದ್ಯ ಗೆದ್ದಿತು.

ಮಗನನ್ನೋ ಮಗಳನ್ನೋ ಯಾವುದೇ ಕ್ರೀಡೆಯ ಸ್ಕಾಲರ್‌ಶಿಪ್ ಮೇಲೆ ಅಲ್ಲಿನ ಕಾಲೇಜುಗಳಿಗೆ ಕಳಿಸಲಿರುವ ಕನ್ನಡದ ಮನೆಗಳೂ ಇವೆ. ಭೇಟಿಗೆ ಹೋದಾಗ ಕೋಚ್ ಇಲ್ಲದ ಹೊತ್ತಿನಲ್ಲಿ ಎರಡನೆಯ, ಮೂರನೆಯ ವರ್ಷದ ಆಟಗಾರರನ್ನು ಮಾತಾಡಿಸಿ. ಮೊದಲ ವರ್ಷದವರಿಗೆ ಇನ್ನೂ ಹೆಚ್ಚು ಗೊತ್ತಿರುವುದಿಲ್ಲ, ಕೊನೆಯ ವರ್ಷದವರು ಹೊರಡುವ ತರಾತುರಿಯಲ್ಲಿರುತ್ತಾರೆ. ಸ್ಕಾಲರ್‌ಶಿಪ್ ಒಂದು ವರ್ಷದ್ದೋ ಪೂರ್ತಿ ಓದಿನದ್ದೋ ಎಂಬುದನ್ನು ಕಾಗದದಲ್ಲಿ ನೋಡಿ. ಯಾವ ಕಾರಣಕ್ಕೆ ರದ್ದು ಮಾಡಬಹುದು ಎಂಬ ಸಾಲನ್ನು ಗಟ್ಟಿಯಾಗಿ ಓದಿಸಿ. ಆಮೇಲೆ ಕೋಚ್‌ಗೆ ಒಂದು ಪ್ರಶ್ನೆ ಕೇಳಿ: ಹಿಂದೆ ಇಲ್ಲಿ ನಿಮ್ಮ ಆಟಗಾರರಿಗೆ ನಿಂದನೆಯಾದಾಗ, ಮಾರನೆಯ ದಿನ ಬೆಳಗ್ಗೆ ನೀವು ಏನು ಮಾಡಿದಿರಿ? ದಿನಾಂಕ, ಹೆಸರು ಸಮೇತ ಉತ್ತರ ಬಂದರೆ ಒಂದು ಲೆಕ್ಕ, "ನಮ್ಮದೆಲ್ಲ ಒಂದೇ ಕುಟುಂಬ" ಎಂದಷ್ಟೇ ಬಂದರೆ ಇನ್ನೊಂದು.